ಯಲ್ಲಾರಿಯ ಗೋಡೆಯ ಐದು ಗೇಜು

ಧುಪದಾಳದ ಯಲ್ಲಾರಿಯದು ನೀರಿನ ಮಗ್ಗುಲಲ್ಲೇ ಬಾಳಿದ ಮನೆತನ. ಮುತ್ತಜ್ಜ ಸಿದ್ರಾಯ, ಘಟಪ್ರಭೆಗೆ ಅಡ್ಡಲಾಗಿ ಅಣೆಕಟ್ಟು ಏಳುವ ಕಾಲಕ್ಕೆ ತಲೆಗೆ ಸಿಂಬಿ ಇಟ್ಟು ಕಲ್ಲು ಹೊತ್ತವನು. ಮುಪ್ಪಿನಲ್ಲಿ ದಂಡೆಗೆ ಕುಕ್ಕರಗಾಲಲ್ಲಿ ಕೂತು, ನೀರು ಜಾರುವ ಕಡೆ ಬೆರಳು ಮಾಡಿ, ಅಗೋ ಆ ಎರಡನೆಯ ಸಾಲಿನ ಕಲ್ಲು ನನ್ನದು ಎನ್ನುತ್ತಿದ್ದನಂತೆ. ಸಾವಿರ ಕಲ್ಲಿನಲ್ಲಿ ನಿನ್ನದನ್ನು ಹೇಗೆ ಗುರುತಿಸಿದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಕೇಳುವ ಮುಖ ಯಾರಿಗಿತ್ತು? ಅಜ್ಜ ಮಾಲಿಂಗಪ್ಪ ಕಾಲುವೆ ಕಾದ. ಬರಿಗಾಲಲ್ಲಿ ಏರಿಯ ಮೇಲೆ ನಡೆದರೆ ಒಳಗೆ ಎಲ್ಲಿ ನೀರು ಜಿನುಗುತ್ತಿದೆ ಎಂದು ಅವನ ಅಂಗಾಲಿಗೆ ತಿಳಿಯುತ್ತಿತ್ತು. ಅಜ್ಜಿ ತಾಯವ್ವ ಸೂಲಗಿತ್ತಿ. ಜಾತಿ ನೋಡಿ ಅಂಗಳದಲ್ಲೇ ನಿಲ್ಲಿಸುತ್ತಿದ್ದ ಮನೆಗಳು ಹೆರಿಗೆಯ ಹೊತ್ತಿಗೆ ಅವಳ ಕೈ ಹಿಡಿದು ಒಳಕೋಣೆಗೆ ಕರೆದೊಯ್ಯುತ್ತಿದ್ದವು. ಎರಡೂ ದಂಡೆಯ ಅರ್ಧ ಊರು ಮೊದಲ ಉಸಿರು ಎಳೆದದ್ದು ಅವಳ ಅಂಗೈಯಲ್ಲಿ. ಅಪ್ಪ ಶಿವಪುತ್ರ ಕಾಲುವೆಯ ಬಾಗಿಲು ಏರಿಸಿ ಇಳಿಸುವ ಚಕ್ರ ತಿರುಗಿಸಿದ. ತಿರುಗಿಸಿ ತಿರುಗಿಸಿ ಅವನ ಬಲದೋಳು ಎಡದೋಳಿಗಿಂತ ಒಂದು ಹಿಡಿ ದಪ್ಪಗಾಗಿತ್ತು, ಅಂಗಿ ಹೊಲಿಯುವವನು ಎರಡು ತೋಳಿಗೆ ಎರಡು ಅಳತೆ ತೆಗೆದುಕೊಳ್ಳುತ್ತಿದ್ದ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಯಲ್ಲಾರಿ ಕಲ್ಲು ಹೊರಲಿಲ್ಲ, ಚಕ್ರ ತಿರುಗಿಸಲಿಲ್ಲ. ಅವನು ನೀರನ್ನು ಓದಿದ. ಅಣೆಕಟ್ಟಿನ ಪಕ್ಕದ ಗೋಡೆಗೆ ಕಪ್ಪು ಬಿಳಿ ಗೆರೆ ಎಳೆದ, ಅಡಿ ಮತ್ತು ಅಡಿಯ ಹತ್ತನೆಯ ಪಾಲು ಬರೆದ ಒಂದು ಪಟ್ಟಿ ನಿಂತಿದೆ. ಅದಕ್ಕೆ ಗೇಜು ಎನ್ನುತ್ತಾರೆ. ದಿನಾ ಬೆಳಿಗ್ಗೆ ಆರಕ್ಕೆ ಹೋಗಿ, ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದು, ಫೋನಿನಲ್ಲಿ ಮೇಲಿನವರಿಗೆ ಹೇಳುವುದು ಅವನ ಕೆಲಸ. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದ. ಕೇಳುವವರಿಗೆ ಇದೇನು ಮಹಾ ಎನಿಸಬಹುದು. ಆದರೆ ಚಳಿಗಾಲದ ಬೆಳಗಿನಲ್ಲಿ ಹೊಳೆಯ ಮೇಲೆ ಮಂಜು ಹತ್ತಿಯಂತೆ ಕೂತಿರುತ್ತದೆ. ಎಲ್ಲಿಂದಲೋ ಬಂದ ಬೂದು ಕೊಕ್ಕರೆಗಳು ಆ ಮಂಜಿನೊಳಗೆ ಕಾಣದೆ ಕೂಗುತ್ತಿರುತ್ತವೆ. ನೀರು ಯಾವುದು, ಆಕಾಶ ಯಾವುದು, ತಿಳಿಯುವುದಿಲ್ಲ. ಅಂಥದರಲ್ಲಿ ಮೆಟ್ಟಿಲಿಳಿದು, ಕೊನೆಯ ಕಲ್ಲಿನ ಮೇಲೆ ಕೂತು, ಗೆರೆಯ ಮುಂದೆ ಉಸಿರು ಬಿಗಿ ಹಿಡಿದು ನೀರು ಅಲುಗದೆ ನಿಲ್ಲುವ ಆ ಒಂದು ಗಳಿಗೆಗೆ ಕಾಯಬೇಕು. ಎಷ್ಟೋ ಸಲ ಯಲ್ಲಾರಿಗೆ ತಾನು ಎದ್ದು ಬಂದಿದ್ದೇನೋ, ಇನ್ನೂ ಕೌದಿಯೊಳಗೇ ಇದ್ದೇನೋ ಎಂದು ಗೊತ್ತಾಗುತ್ತಿರಲಿಲ್ಲ.

ಅವನಿಗೆ ಈ ಗೇಜನ್ನು ಮೊದಲು ತೋರಿಸಿದವಳು ಅಕ್ಕ ರಾಯವ್ವ. ಅವನಿಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವ್ವ ಕೂಲಿಗೆ ಹೋದರೆ ತಮ್ಮನನ್ನು ಸೊಂಟದ ಮೇಲೆ ಏರಿಸಿಕೊಂಡು ಅಪ್ಪನ ಬುತ್ತಿ ಹಿಡಿದು ಅಣೆಕಟ್ಟಿಗೆ ಬರುತ್ತಿದ್ದಳು. ಅಪ್ಪ ಗೇಜಿನ ಅಂಕಿ ಕೂಗುತ್ತಿದ್ದ, ಸೊಂಟದ ಮೇಲಿನ ಕೂಸು ಅದನ್ನು ತೊದಲುತ್ತಿತ್ತು. ಕೂಸು ಮುಂದೆ ಶಾಲೆಗೆ ಹೋಯಿತು. ಹೊತ್ತವಳನ್ನು ಯಾರೂ ಶಾಲೆಗೆ ಕಳಿಸಲಿಲ್ಲ. ಅವಳಿಗೆ ಆ ಕಪ್ಪು ಬಿಳಿ ಗೆರೆ ಕಡೆಯವರೆಗೂ ಹಾವಿನ ಮೈಯ ಪಟ್ಟೆಯಂತೆಯೇ ಉಳಿಯಿತು.

ರಾಯವ್ವನನ್ನು ಗೋಕಾಕಿಗೆ ಕೊಟ್ಟಿದ್ದರು. ಹೊಳೆದಂಡೆಯ ಕೇರಿಯಲ್ಲಿ ಮಣ್ಣಿನ ಮನೆ, ಎರಡು ಎಮ್ಮೆ, ಗಂಡ ತೀರಿಕೊಂಡ ಮೇಲೆ ಮಗ ಲಖನ. ಮಳೆಗಾಲದಲ್ಲಿ ನೆರೆಯವರು ಹೆದರಿದರೆ ಅವಳು ನಗುತ್ತಿದ್ದಳು. ಹೊಳೆಯ ಬಾಗಿಲಲ್ಲೇ ನನ್ನ ತಮ್ಮ ಕೂತಿದ್ದಾನೆ, ಮನೆ ಬಿಡುವ ಹೊತ್ತು ಬಂದರೆ ಬಿಡು ಅಂತಾನೆ, ನೀವೆಲ್ಲ ಸುಮ್ಮನೆ ಮಲಗಿ ಎಂದು ಇಡೀ ಕೇರಿಗೆ ಧೈರ್ಯ ಹೇಳುತ್ತಿದ್ದಳು.

ಎರಡು ಸಾವಿರದ ಹತ್ತೊಂಬತ್ತರ ಶ್ರಾವಣದಲ್ಲಿ ಹೊಳೆ ಬಂದದ್ದು ಈ ಕಡೆಯವರು ಮರೆಯುವಂಥದ್ದಲ್ಲ. ಯಲ್ಲಾರಿ ತಾಸಿಗೊಮ್ಮೆ ಗೇಜು ನೋಡಿ ಹೇಳುತ್ತಿದ್ದ. ಮೂರು ದಿನ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಮೇಲಿನವರಿಗೆ ಹೇಳಿ ಮುಗಿಸಿದವನೇ ಒಂದು ಮಧ್ಯಾಹ್ನ ಅಕ್ಕನಿಗೂ ಫೋನು ಹಚ್ಚಿದ. ಅದೇ ದನಿಯಲ್ಲಿ, ಅದೇ ಉಸಿರಿನಲ್ಲಿ, "ಅಕ್ಕಾ, ಎಂಟು ಪಾಯಿಂಟ್ ಆರು ಆಗೈತಿ, ಏರಾಕತ್ತೈತಿ" ಎಂದು ಇಟ್ಟುಬಿಟ್ಟ. ಮುಂದಿನ ತಾಸಿನ ಗೆರೆ ಅವನನ್ನು ಕರೆಯುತ್ತಿತ್ತು. ಮೂವತ್ತು ಚಿಲ್ಲರೆ ವರ್ಷ ಅಂಕಿ ಹೇಳಿದವನಿಗೆ, ಅಂಕಿ ಹೇಳಿದರೆ ಎಲ್ಲವನ್ನೂ ಹೇಳಿದಂತೆ ಎಂಬುದು ರಕ್ತದಲ್ಲಿ ಇಳಿದುಹೋಗಿತ್ತು. ಎಂಟು ಪಾಯಿಂಟ್ ಆರೆಂದರೆ ಗೋಕಾಕಿನ ಆ ಕೇರಿಯಲ್ಲಿ ಹೊತ್ತು ಮುಳುಗುವುದರೊಳಗೆ ಸೊಂಟಮಟ ನೀರು ಎಂದು ಅವನ ಕಣ್ಣಿಗೆ ಕಟ್ಟಿದಂತೆ ಕಂಡಿತ್ತು, ಅಕ್ಕನಿಗೂ ಹಾಗೇ ಕಂಡಿರಬೇಕೆಂದುಕೊಂಡ.

ರಾಯವ್ವನಿಗೆ ಅದು ನೀರಿನ ಸುದ್ದಿ ಎಂದಷ್ಟೇ ತಿಳಿಯಿತು. ತಮ್ಮ ಫೋನು ಮಾಡಿದ, ಬಿಡು ಎನ್ನಲಿಲ್ಲ, ಅಂದಮೇಲೆ ಬಿಡುವ ಕಾರಣವಿಲ್ಲ. ಹಾಗೆಂದು ಕೇರಿಗೂ ಹೇಳಿದಳು. ದೀಪ ಹಚ್ಚುವ ಹೊತ್ತಿಗೆ ಹೊಳೆ ಹೊಸ್ತಿಲು ದಾಟಿ ಒಳಗೆ ಬಂತು. ಜನ ಉಳಿದರು. ಮನೆ ಉಳಿಯಲಿಲ್ಲ. ಎರಡು ಎಮ್ಮೆಯಲ್ಲಿ ಒಂದರ ಹಗ್ಗ ಕೊಯ್ಯುವುದಷ್ಟೇ ಆಯಿತು.

ಮೂರನೆಯ ದಿನ ಯಲ್ಲಾರಿ ಹುಡುಕಿಕೊಂಡು ಹೋದಾಗ ಅವಳು ಶಾಲೆಯೊಂದರ ವರಾಂಡದಲ್ಲಿ ಒದ್ದೆ ಸೀರೆಯಲ್ಲಿ ಕೂತಿದ್ದಳು. ಸುತ್ತಲೂ ಅವಳ ಮಾತು ನಂಬಿ ಕೆಟ್ಟವರು. ಅವಳು ಅಳಲಿಲ್ಲ, ಬೈಯಲಿಲ್ಲ. "ಸರ್ಕಾರಕ್ಕ ಹೇಳಿದ್ದನ್ನ ನನಗೂ ಹೇಳಿದೆಲ್ಲೋ ತಮ್ಮಾ" ಅಂದಳು. ಅಷ್ಟೇ. ಆಮೇಲೆ ಲಖನನ ಜೊತೆ ಮೂಡಲಗಿ ಕಡೆಯ ತುಕ್ಕಾನಟ್ಟಿಗೆ ಹೋಗಿ ನೆಲೆಸಿದಳು. ಐದು ವರ್ಷ ಒಡಹುಟ್ಟಿದವರ ನಡುವೆ ಮಾತಿಲ್ಲ.

ಯಲ್ಲಾರಿ ಮರುವರ್ಷ ನಿವೃತ್ತನಾದ. ಆದರೂ ಬೆಳಿಗ್ಗೆ ಆರಕ್ಕೆ ಕಾಲು ತಾನೇ ಚಪ್ಪಲಿ ಹುಡುಕುತ್ತಿತ್ತು. ಓದಲು ನೀರಿಲ್ಲದ ಕಣ್ಣು ಖಾಲಿ ಅಂಗಳ ನೋಡುತ್ತಿತ್ತು. ಅಂಥ ದಿನಗಳಲ್ಲೇ ಎರಡು ವರ್ಷ ಸರಿದ ಮೇಲೆ ಮಗಳು ಶೀತಲ್ ಒಂದು ಕಾಗದ ತಂದಳು. ಅವಳು ಹುಕ್ಕೇರಿಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿ ಯಾವುದೋ ತರಬೇತಿಯಲ್ಲಿ ಕೊಟ್ಟ ಕಾಗದ. ಅದರಲ್ಲಿ ಒಂದು ಚಕ್ರ, ಚಕ್ರದಲ್ಲಿ ಎಂಟು ಹೋಳು. ಆರೋಗ್ಯ, ಮನೆ, ಕಲಿಕೆ, ಹೀಗೆ ಬಾಳಿನ ಒಂದೊಂದು ಮಗ್ಗುಲಿಗೆ ಒಂದೊಂದು ಹೋಳು. ಪ್ರತಿಯೊಂದರಲ್ಲೂ ಏನು ಸಾಧಿಸಬೇಕೆಂದು ಬರೆದು, ತಿಂಗಳಿಗೊಮ್ಮೆ ಎಷ್ಟಾಯಿತೋ ಅಷ್ಟಕ್ಕೆ ಬಣ್ಣ ತುಂಬಬೇಕು. ಮಗಳು ಆಸೆಯಿಂದ ತಿಳಿಸಿ ಹೇಳಿದಳು. ಯಲ್ಲಾರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಇದು ಕಲ್ಲಂಗಡಿ ಹೆಚ್ಚಿಟ್ಟಂತಿದೆ, ಇದರಲ್ಲಿ ಸೊನ್ನೆ ಎಲ್ಲಿದೆ, ಸೊನ್ನೆ ಇಲ್ಲದೆ ಏರಿದ್ದು ತಿಳಿಯುವುದು ಹೇಗೆ ಎಂದು ಕೇಳಿದ.

ಮರುದಿನ ಅವನು ಪಡಸಾಲೆಯ ಗೋಡೆಗೆ ಸುಣ್ಣ ಬಳಿದ. ಆರಿದ ಮೇಲೆ, ಎದೆಯೆತ್ತರದ ಐದು ಗೇಜು ಬರೆದ. ಗೆರೆ ಕಪ್ಪು, ಅಂಕಿ ಕೆಂಪು, ಸೊನ್ನೆಯಿಂದ ಹತ್ತರವರೆಗೆ. ಕೈ ನಡುಗದೆ, ದಾರ ಹಿಡಿದು ಎಳೆದ ಗೆರೆ. ಕೆಳಗೆ ಹೆಸರು: ಮೈ, ಮನೆ, ಓದು, ಗಿಡ, ನಂಟು. ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ, ಎಷ್ಟು ಏರಿತೋ ಅಷ್ಟಕ್ಕೆ ತುಂಬುವುದು. ಬೆಳಿಗ್ಗೆ ಆರಕ್ಕೆ ಎದ್ದು ಅವುಗಳ ಮುಂದೆ ಕೂರುವುದು, ಓದುವುದು, ಒಂದು ನೋಟುಪುಸ್ತಕದಲ್ಲಿ ಬರೆಯುವುದು.

ಮೈ ಎಂದರೆ ತಂಬಾಕು ಬಿಡುವುದು, ದಿನಾ ಕಾಲುವೆಯ ಏರಿಯ ಮೇಲೆ ಎರಡು ಮೈಲಿ ನಡೆಯುವುದು. ತಂಬಾಕಿನ ಮೊದಲ ತಿಂಗಳು ಅವನು ಹಲ್ಲು ಕಡಿದೇ ಕಳೆದ. ಗೇಜು ಎರಡಕ್ಕೆ ಏರಿ ಮತ್ತೆ ಸೊನ್ನೆಗೆ ಬಿತ್ತು, ಬಿದ್ದದ್ದನ್ನೂ ಬರೆದ. ನೀರು ಇಳಿದ ದಿನ ಇಳಿದದ್ದು ಎಂದು ಬರೆಯದವನು ಗೇಜು ಮುಟ್ಟಬಾರದು ಎಂಬುದು ಅವನ ಹಟ. ಓದೆಂದರೆ ಊರಿನ ಗ್ರಂಥಾಲಯದಿಂದ ತಿಂಗಳಿಗೊಂದು ಪುಸ್ತಕ. ಗಿಡವೆಂದರೆ ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ತಂದ ಲಿಂಬೆ, ಚಿಕ್ಕು, ಪೇರಲ. ಬದುಕಿದ ಗಿಡವನ್ನಷ್ಟೇ ಎಣಿಸುವುದು. ಮನೆಯೆಂದರೆ ಸೋರುವ ಹಂಚು ಬದಲಿಸುವುದರಿಂದ ಹಿಡಿದು ಹೆಂಡತಿ ಉದ್ದವ್ವನ ಕೈಯಿಂದ ಕೊಡ ಇಸಿದುಕೊಂಡು ತಾನೇ ನೀರು ತರುವವರೆಗೆ. ನಂಟೆಂದರೆ ನೌಕರಿಯ ಕಾಲದಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಮದುವೆ, ಸತ್ತವರ ಮಣ್ಣು, ನಾಮಕರಣಗಳಿಗೆ ಈಗಲಾದರೂ ಹೋಗುವುದು.

ಊರಿಗೆ ಇದು ಚಲೋ ತಮಾಷೆಯಾಯಿತು. ಜೊತೆಗೆ ನೌಕರಿ ಮಾಡಿದ ಮುರಿಗೆಪ್ಪ ವಾರಕ್ಕೊಮ್ಮೆ ಬಂದು ಗೋಡೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. "ಲೇ ಯಲ್ಲಾರಿ, ಚಿಕ್ಕು ಗಿಡದ ಗೇಜು ಅಪಾಯದ ಮಟ್ಟ ಮುಟ್ಟೈತಿ, ಊರ ಖಾಲಿ ಮಾಡಸೂದೇನು?" ಎಂದು ಕೇಳಿ, ಚಹಾ ಕುಡಿದು ಹೋಗುತ್ತಿದ್ದ. ಯಲ್ಲಾರಿಗೂ ನಗು ಬರುತ್ತಿತ್ತು. ಆದರೆ ಬೆಳಗಿನ ಎಳೆಬಿಸಿಲು ಬಾಗಿಲಿನಿಂದ ಓರೆಯಾಗಿ ಬಿದ್ದಾಗ ಆ ಐದು ನೀಲಿ ಕಂಬಗಳು ನಿಜವಾದ ನೀರಿನಂತೆ ಮಿನುಗುತ್ತಿದ್ದವು. ದೂರದಲ್ಲಿ ಅಣೆಕಟ್ಟಿನ ಸದ್ದು ಬರುತ್ತಿತ್ತು. ಇಡೀ ಬಾಳು ತನ್ನ ಮುಂದೆ ಮೌನವಾಗಿ ನಿಂತಿದೆ, ಕೈ ಚಾಚಿದರೆ ಬೆರಳು ಒದ್ದೆಯಾದೀತು ಎನಿಸುತ್ತಿತ್ತು.

ಎರಡು ವರ್ಷ ಹೀಗೆ ಹೋಯಿತು. ಒಂದು ಬೆಳಿಗ್ಗೆ ಅವನು ನಂಟಿನ ಗೇಜಿಗೆ ಆರರವರೆಗೆ ನೀಲಿ ತುಂಬಿ, ಹಿಂದೆ ಸರಿದು ನೋಡುತ್ತ ಕೂತಿದ್ದ. ಹುಕ್ಕೇರಿಯ ನೆಂಟರ ಮನೆಯ ಮದುವೆಗೆ ಎರಡು ದಿನ ಮೊದಲೇ ಹೋಗಿ ದುಡಿದು ಬಂದಿದ್ದ, ಅದರ ಏರಿಕೆ ಅದು. ಉದ್ದವ್ವ ಕಸ ಹೊಡೆಯುತ್ತ ಬಂದವಳು ಬಾರಿಗೆಯನ್ನು ಹಾಗೇ ಹಿಡಿದು ನಿಂತಳು. ಅವಳದು ಮಾತು ಕಡಿಮೆ. ಎರಡು ವರ್ಷ ಆ ಗೋಡೆಯ ಬಗ್ಗೆ ಒಂದು ಮಾತು ಆಡಿದವಳಲ್ಲ.

"ಆರು ಯಾವ ಲೆಕ್ಕದಾಗ ಆತ್ರಿ?" ಎಂದು ಕೇಳಿದಳು.

ಅವನು ಮದುವೆ, ಮಣ್ಣು, ನಾಮಕರಣಗಳನ್ನು ಬೆರಳು ಮಡಿಸಿ ಹೇಳಿದ.

"ಹೊತ್ತು ಬೆಳೆಸಿದಾಕಿ ತುಕ್ಕಾನಟ್ಟ್ಯಾಗ ಕುಂತಾಳ. ಆಕಿನ್ನ ಬಿಟ್ಟು ಎಣಸೂದಿದ್ರ ನಿಮ್ಮ ಸೊನ್ನೀನ ತಪ್ಪೈತಿ ಬಿಡ್ರಿ."

ಹೇಳಿ ಕಸ ಹೊಡೆಯುತ್ತ ಹೋದಳು. ಸೊನ್ನೆ ತಪ್ಪುವುದೆಂದರೇನೆಂದು ಯಲ್ಲಾರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೊಮ್ಮೆ ಹೊಳೆಯಲ್ಲಿ ತೇಲಿ ಬಂದ ದಿಮ್ಮಿ ಗೇಜಿಗೆ ಬಡಿದು ಅದು ಎರಡು ಬೆರಳು ಜಾರಿತ್ತು. ಯಾರಿಗೂ ತಿಳಿಯಲಿಲ್ಲ. ಒಂಬತ್ತು ದಿನ ಅವನು ಉಸಿರು ಬಿಗಿ ಹಿಡಿದು, ಅಚ್ಚುಕಟ್ಟಾಗಿ, ಸುಳ್ಳು ಬರೆದಿದ್ದ. ತಿಳಿದ ಮೇಲೆ ಒಂಬತ್ತು ದಿನದ ಅಂಕಿಯನ್ನೂ ಕೆಂಪು ಮಸಿಯಿಂದ ಹೊಡೆದು ಹಾಕಬೇಕಾಯಿತು. ಬುಡ ಜಾರಿದರೆ ಮೇಲಿನದೆಲ್ಲ ಜಾರಿದಂತೆ.

ಅವನು ಎದ್ದು ಒದ್ದೆ ಬಟ್ಟೆ ತಂದು ನಂಟಿನ ನೀಲಿಯನ್ನು ಒರೆಸಿದ. ಆರು, ಐದು, ನಾಲ್ಕು. ನೀಲಿ ನೀರಾಗಿ ಗೋಡೆಯ ಕೆಳಗೆ ಇಳಿಯಿತು.

ಆ ಮಧ್ಯಾಹ್ನ ಪಡಸಾಲೆಯಲ್ಲಿ ಒರಗಿದವನಿಗೆ ಜೊಂಪು ಹತ್ತಿತು. ಗೋಡೆಯ ಐದೂ ಕಂಬಗಳು ಕರಗಿ ನೆಲಕ್ಕೆ ಇಳಿದು ಒಂದೇ ನೀರಾದವು. ಸದ್ದಿಲ್ಲದ ನೀರು, ಹಾಲಿನಂತೆ ಬೆಚ್ಚಗೆ. ಆ ನೀರಿನಲ್ಲಿ ಹತ್ತು ವರ್ಷದ ರಾಯವ್ವ ಲಂಗ ಎತ್ತಿ ಕಟ್ಟಿ ನಡೆದು ಬರುತ್ತಿದ್ದಾಳೆ, ಅವನು ಅವಳ ಸೊಂಟದ ಮೇಲಿದ್ದಾನೆ. ಅವಳ ಬೆವರಿನ, ಸೀಗೆಕಾಯಿಯ ವಾಸನೆ ಮೂಗಿಗೆ ಬರುತ್ತಿದೆ. ನೀರು ಅವಳ ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅವಳು ಅವನ ಮುಖ ನೋಡಿ, ಮುಂದೆ ಹೋಗಲೋ ನಿಲ್ಲಲೋ ಹೇಳಪ್ಪ ಎನ್ನುತ್ತಾಳೆ. ಅವನಿಗೆ ಹೋಗಬೇಡ ಎನ್ನಬೇಕು. ಬಾಯಿ ತೆರೆದರೆ ಅಂಕಿ ಬರುತ್ತದೆ, ಬರೀ ಅಂಕಿ. ಅವಳು ನಗುತ್ತಾಳೆ, ಅವನ ಕೆನ್ನೆಗೆ ಮುತ್ತಿಡುತ್ತಾಳೆ, ಮುಂದೆ ನಡೆಯುತ್ತಾಳೆ.

ಎಚ್ಚರವಾದಾಗ ದಿಂಬು ಒದ್ದೆಯಾಗಿತ್ತು. ಶೀತಲ್ ಕೆಲಸದಿಂದ ಬಂದು ಅವ್ವನಿಂದ ಸಂಗತಿ ತಿಳಿದಮೇಲೆ, ತಾನೇ ಅತ್ತೆ ರಾಯವ್ವನಿಗೆ ಫೋನು ಮಾಡಿ ಸಮಾಧಾನ ಹೇಳುತ್ತೇನೆ, ಭಾನುವಾರ ಜೀಪು ಮಾಡಿಕೊಂಡು ಎಲ್ಲರೂ ಹೋಗೋಣ ಎಂದಳು. ಅವನು ಕೇಳಿಸಿಕೊಂಡ, ತಲೆಯಾಡಿಸಿದ. ಮಾರನೆಯ ದಿನ ಒಬ್ಬನೇ ಘಟಪ್ರಭಾ ಪೇಟೆಗೆ ಹೋಗಿ ಮೂಡಲಗಿಯ ಬಸ್ಸು ಹತ್ತಿದ.

ಬಸ್ಸು ಅರಭಾವಿಯಲ್ಲಿ ಕಾಲೇಜಿನ ಮಕ್ಕಳನ್ನು ಇಳಿಸಿ ಹಗುರಾಯಿತು. ಎರಡೂ ಕಡೆ ಕಬ್ಬು, ಕಬ್ಬಿನ ಮೇಲೆ ತೆಳ್ಳಗಿನ ಹೊಗೆಮಂಜು. ಕಿಟಕಿಯ ಬಳಿ ಕೂತು ಅವನು ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದ. ಮೂರು ದಿನ ನಿದ್ದೆ ಇರಲಿಲ್ಲ ಎನ್ನಬೇಕು. ತಾಸಿಗೊಮ್ಮೆ ಮೇಲಿನವರಿಗೆ ಫೋನು ಮಾಡಬೇಕಿತ್ತು ಎನ್ನಬೇಕು. ಊರ ಜೀವ ತನ್ನ ಕೈಯಲ್ಲಿತ್ತು ಎನ್ನಬೇಕು. ಎಲ್ಲವೂ ಖರೆ. ತುಕ್ಕಾನಟ್ಟಿ ಬರುವ ಹೊತ್ತಿಗೆ ಆ ಖರೆ ಮಾತುಗಳೆಲ್ಲ ಬಾಯಲ್ಲಿ ಹೊಟ್ಟಿನಂತಾಗಿದ್ದವು. ಇಳಿದು ನಡೆಯುವಾಗ ಒಂದೊಂದನ್ನೇ ದಾರಿಗೆ ಉಗುಳಿಕೊಂಡು ಹೋದ.

ರಾಯವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತ ಕೂತಿದ್ದಳು. ಎಪ್ಪತ್ತು ದಾಟಿದ ಬೆನ್ನು ಬಿಲ್ಲಾಗಿತ್ತು. ತಲೆ ಎತ್ತಿ ನೋಡಿದಳು, ಮತ್ತೆ ತೆನೆಗೆ ಕೈ ಹಾಕಿದಳು.

"ಯಾರ ಸತ್ತಾರ?" ಅಂದಳು.

"ಯಾರೂ ಸತ್ತಿಲ್ಲ."

"ಹಂಗಾರ ಹಾದಿ ತಪ್ಪಿ ಬಂದಿರಬೇಕು. ಮೂಡಲಗಿ ಇನ್ನೂ ಮುಂದ ಐತಿ."

ಯಲ್ಲಾರಿ ಚಪ್ಪಲಿ ಬಿಟ್ಟು ತೆನೆಯ ರಾಶಿಯ ಈ ಕಡೆ ನೆಲಕ್ಕೆ ಕೂತ. ಒಂದು ತೆನೆ ಎತ್ತಿಕೊಂಡ. "ಅವತ್ತ ಫೋನ್ ಹಚ್ಚಿದಾಗ ಒಂದ ಮಾತ ಹೇಳೂದು ಉಳೀತಕ್ಕಾ. ಅದನ್ನ ಹೇಳಾಕ ಬಂದೇನಿ."

"ಹೇಳು."

ಅವನು ಹೇಳಿದ. ಹೊಳೆಯ ಅಬ್ಬರದ ಮೇಲೆ ಕೂಗುವವನಂತೆ ಅಲ್ಲ, ಮೆಲ್ಲಗೆ, ಅವಳಿಗಷ್ಟೇ ಕೇಳುವ ಹಾಗೆ. "ಅಕ್ಕಾ, ಎಮ್ಮಿ ಹಗ್ಗ ಕೊಯ್ಯಿ. ಲಖನನ್ನ ಕರಕೊಂಡು ಗುಡ್ಡದ ಕಡೆ ನಡಿ. ಮನಿ ಹೋದ್ರ ಹೋಗ್ಲಿ. ಹೊಳಿ ಬರಾಕತ್ತೈತಿ, ನಾ ಹೇಳಾಕತ್ತೇನಿ, ಈಗಿಂದೀಗ ನಡಿ."

ರಾಯವ್ವನ ಕೈ ನಿಂತಿತು. ಅವಳು ಅವನನ್ನು ನೋಡಲಿಲ್ಲ, ಅವನ ಹಿಂದಿನ ಬೇಲಿಯನ್ನು ನೋಡಿದಳು, ಬೇಲಿಯಾಚೆ ಎಲ್ಲೋ ದೂರವನ್ನು ನೋಡಿದಳು.

"ಇಷ್ಟ ಸಾಕಾಗಿತ್ತು ನೋಡು" ಎಂದಳು ಕೊನೆಗೆ.

"ಹೌದು."

"ತಮ್ಮ ಹೇಳಿದ್ರ ನಾ ಉಟ್ಟ ಸೀರೀಲೆ ಎದ್ದ ಹೋಗತಿದ್ನಿ. ಇಡೀ ಕೇರೀನ ಎಬ್ಬಸತಿದ್ನಿ."

"ಹೌದಕ್ಕಾ. ತಪ್ಪ ನಂದು."

ಅವಳು ಮತ್ತೆ ತೆನೆ ಹಿಡಿದಳು. ಬಹಳ ಹೊತ್ತು ಇಬ್ಬರೂ ಬಿಡಿಸಿದರು. ಕಾಳು ಉದುರುವ ಸದ್ದಿನ ನಡುವೆ ಅವಳು ತಾನಾಗಿಯೇ ಆ ಸಂಜೆಯನ್ನು ಹೇಳತೊಡಗಿದಳು. ಐದು ವರ್ಷ ಯಾರಿಗೂ ಹೇಳಿರಲಿಲ್ಲ, ಮಗನಿಗೂ. ಕುಡುಗೋಲು ಒಂದೇ ಇತ್ತು. ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಎಮ್ಮೆ ಚಂದ್ರಿಯ ಹಗ್ಗ. ಎರಡನೆಯದಕ್ಕೆ ಹೋಗುವುದರೊಳಗೆ ಲಖನ ಅವಳನ್ನು ಎಳೆದೊಯ್ದ. ಆ ಎಮ್ಮೆ ಕೂಗಲಿಲ್ಲ, ತಿರುಗಿ ನೋಡಿತು ಅಷ್ಟೇ, ರಾಯವ್ವ ಎಲ್ಲೋ ಹೋಗಿ ಈಗ ಬರುತ್ತಾಳೇನೋ ಅನ್ನುವ ಹಾಗೆ. ಹೇಳುತ್ತ ಹೇಳುತ್ತ ಅವಳ ದನಿ ನಿದ್ದೆಯಲ್ಲಿ ಮಾತಾಡುವವಳಂತೆ ತೇಲಿತು. ಯಲ್ಲಾರಿ ತೆನೆ ಬಿಡಿಸುತ್ತ ಕೇಳಿದ. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡ. ಬಿಸಿಲು ರಾಶಿಯ ಮೇಲಿಂದ ಸರಿದು ಗೋಡೆ ಹತ್ತಿತು, ಗೋಡೆಯಿಂದ ಹಂಚಿಗೆ ಹೋಯಿತು. ಬರಿದಾದ ತೆನೆಗಳು ಇಬ್ಬರ ಮಗ್ಗುಲಲ್ಲೂ ಗುಡ್ಡೆಯಾದವು.

ಹೇಳಿ ಮುಗಿಸಿ ರಾಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನೆಲಕ್ಕೆ ಕೈಯೂರಿ ಎದ್ದಳು. ಒಳಗೆ ಹೋದಳು.

ಅಷ್ಟರಲ್ಲಿ ಲಖನ ಮೋಟರ್‌ಸೈಕಲ್ ಮೇಲೆ ಬಂದ. ಬೇರೆಯವರ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದು ಬಂದವನು, ಮೈತುಂಬ ಧೂಳು. ಅಂಗಳದಲ್ಲಿ ಕೂತ ಮಾಮನನ್ನು ಕಂಡು ಗಾಡಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತ. ಒಳಗೆ ಅವ್ವನ ಕಡೆ ಒಮ್ಮೆ, ಇವನ ಕಡೆ ಒಮ್ಮೆ ನೋಡಿದ. ಜಗಳವಾಗಿದೆ ಎಂದುಕೊಂಡನೋ, ಆಗುವುದರೊಳಗೆ ಸಾಗಹಾಕಬೇಕೆಂದನೋ, ತಗ್ಗಿದ ದನಿಯಲ್ಲಿ ಹೇಳಿದ: ಬಸ್ಸು ಹೋಗಿಯಾಯಿತು, ಇನ್ನು ಇಲ್ಲಿಂದ ಬೇರೆ ಬಸ್ಸಿಲ್ಲ, ಚಳಿ ಬೀಳುವುದರೊಳಗೆ ತಾನೇ ಧುಪದಾಳದ ಮನೆ ಬಾಗಿಲವರೆಗೆ ಬಿಟ್ಟು ಬರುತ್ತೇನೆ, ಹಿಂದೆ ಹತ್ತಿ ಕೂರಬೇಕು.

ಯಲ್ಲಾರಿ ಒಳಗೆ ಕಿವಿಗೊಟ್ಟ. ಒಲೆ ಹೊತ್ತಿತ್ತು. ಪರಾತದಲ್ಲಿ ಹಿಟ್ಟು ನಾದುವ ಸದ್ದು ಬರುತ್ತಿತ್ತು. ನಿಂತಿತು, ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು, ಇನ್ನೊಂದು ಬೊಗಸೆ ಹಿಟ್ಟು ಬಿದ್ದಿರಬೇಕು, ಮತ್ತೆ ನಾದುವುದು ಶುರುವಾಯಿತು.

"ಬ್ಯಾಡಪ್ಪ ಲಖನ, ಗಾಡಿ ಒಳಗ ಹಚ್ಚು" ಎಂದ ಅವನು. "ನಿಮ್ಮವ್ವ ನನ್ನ ಪಾಲಿನ ಹಿಟ್ಟು ಸುರುವ್ಯಾಳ. ನೀ ಬಿಟ್ಟು ಬರತೇನಿ ಅಂದ್ರೂ ನಾ ಇವತ್ತ ಎಲ್ಲೀಗೂ ಹೋಗಂಗಿಲ್ಲ."